ಬರೆದುಕೊಂಡು ಹೋದವರು ಮತ್ತೆ ಬರಲಿಲ್ಲ: ಎರಡನೇ ಸಲ ಮನೆಮನೆಗೆ ಹೋಗುವುದು ಹೇಗೆ?

ಕಡೂರಿನ ಸದಸ್ಯೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕಡೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ಮೊದಲ ಸಲ ಗೆದ್ದವಳು. ಮನೆಯಲ್ಲಿ ತೆಂಗು, ಸ್ವಲ್ಪ ರಾಗಿ, ಎರಡು ಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ನನ್ನ ಪಂಚಾಯಿತಿ ಕೆಲಸ ಶುರುವಾಗುತ್ತದೆ. ನಮ್ಮ ವಾರ್ಡಿನಲ್ಲಿ ಊರು, ಊರ ಹೊರಗಿನ ಕಾಲೋನಿ, ಎರಡು ಕಿಲೋಮೀಟರ್ ಆಚೆ ಒಂದು ಗೊಲ್ಲರಹಟ್ಟಿ ಇವೆ. ಮೂವರು ಸದಸ್ಯರಿದ್ದೇವೆ, ಹಟ್ಟಿಯ ಕಡೆ ಹೆಚ್ಚು ಓಡಾಡುವವಳು ನಾನು.

ಹೋದ ಸಲದ ವಾರ್ಡ್ ಸಭೆ ಶಾಲೆಯ ಜಗುಲಿಯ ಮೇಲೆ ಬೆಳಿಗ್ಗೆ ಹನ್ನೊಂದು ಗಂಟೆಗೆ ನಡೆಯಿತು. ಈರುಳ್ಳಿ ಕೀಳುವ ಕಾಲ, ಕೂಲಿಗೆ ಹೋದ ಹೆಂಗಸರು ಹೇಗೆ ತಾನೇ ಬರುತ್ತಾರೆ? ಸಹಿ ಪುಸ್ತಕದಲ್ಲಿ 26 ಹೆಸರುಗಳಿದ್ದವು. ಹಟ್ಟಿಯಿಂದ ಬಂದದ್ದು ಒಬ್ಬ ಹಿರಿಯರು ಮಾತ್ರ. ಬಂದ ಹೆಂಗಸರು ಗೋಡೆಯ ಬದಿಗೆ ಕುಳಿತಿದ್ದರು, ಅವರಲ್ಲಿ ಹೆಚ್ಚಿನವರು ಮನೆ ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೇ ಎಂದು ತಿಳಿಯಲು ಬಂದವರು. ಮಾತನಾಡಿದವರು ಪ್ರತಿ ಸಲ ಮಾತನಾಡುವ ಐದಾರು ಗಂಡಸರೇ. ನಡಾವಳಿಯಲ್ಲಿ ಮಾತ್ರ ‘ಸಾರ್ವಜನಿಕರ ಅಭಿಪ್ರಾಯ ಪಡೆಯಲಾಯಿತು’ ಎಂದು ಬರೆಯಲಾಯಿತು. ಆ ವಾಕ್ಯದ ಕೆಳಗೆ ಸಹಿ ಹಾಕುವಾಗ ನನ್ನ ಕೈ ತಡೆಯಿತು.

ಅದಕ್ಕೇ ಈ ಸಲ ಸಭೆಗೆ ಮುಂಚೆ ನಾನೇ ಮನೆಮನೆಗೆ ಹೋಗಿ ಕೇಳಿಕೊಂಡು ಬರೋಣ ಎಂದು ಹೊರಟೆ. ಆದರೆ ಮೊದಲ ದಿನವೇ ಹಟ್ಟಿಯ ಒಬ್ಬ ಅಜ್ಜಿ, "ನೀನೂ ಬರೆದುಕೊಳ್ಳುವುದಕ್ಕೆ ಬಂದೆಯಾ ಮಗಳೇ? ಬರೆದುಕೊ. ಹೋದ ಸಲವೂ ಹೆಬ್ಬೆಟ್ಟು ಒತ್ತಿದ್ದೆ" ಎಂದರು. ಅವರು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಕಾಲೇಜು ಹುಡುಗರ ಕೈಯಲ್ಲಿ 38 ಪ್ರಶ್ನೆಗಳ ಒಂದು ಸಮೀಕ್ಷೆ ಮಾಡಿಸಲಾಗಿತ್ತು. ಆ ನಮೂನೆಗಳ ಕಟ್ಟು ಈಗಲೂ ಕಚೇರಿಯ ಬೀರುವಿನ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದಂತೆಯೇ ಇದೆ. ಏನಾಯಿತು ಎಂದು ಯಾವ ಮನೆಗೂ ಯಾರೂ ಹೋಗಿ ಹೇಳಿಲ್ಲ.

ನಾನು ಕೇಳುವುದು ಇಷ್ಟು. ಒಮ್ಮೆ ಕೇಳಿ ಕೈಬಿಟ್ಟ ಜನರ ಬಳಿಗೆ ಮತ್ತೆ ಯಾವ ಮುಖ ಇಟ್ಟುಕೊಂಡು ಹೋಗಬೇಕು? ಏನು ಕೇಳಬೇಕು, ಯಾರನ್ನು ಜೊತೆಗೆ ಕರೆದೊಯ್ಯಬೇಕು? ಅವರು ಹೇಳಿದ್ದು ಮತ್ತೆ ಬೀರುವಿನ ಮೇಲೆ ಹತ್ತದಂತೆ ಸಭೆಯೊಳಗೆ ತರುವುದು ಹೇಗೆ? ಈ ಕೆಲಸ ಮಾಡಿದ ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಾವೇರಿಯ ನಿವೃತ್ತ ಪಿಡಿಒ

ತಂಗಿ, ನಿಮ್ಮ ಪತ್ರ ಓದಿ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಕಾರ್ಯದರ್ಶಿಯಾಗಿ ಸೇರಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ನಿವೃತ್ತನಾದವನು ನಾನು. ಅಂಥ ಕಟ್ಟುಗಳನ್ನು ನಾನೂ ಕಟ್ಟಿದ್ದೇನೆ.

ಮೊದಲು ಆ ಕೆಂಪು ಬಟ್ಟೆಯ ಕಟ್ಟನ್ನು ಕೆಳಗೆ ಇಳಿಸಿ. ಹೊಸ ನಮೂನೆ ಅಚ್ಚು ಹಾಕಿಸುವ ಮುಂಚೆ ಹಳೆಯದನ್ನು ಓದಿ. ಸದಸ್ಯರಾದ ನಿಮಗೆ ಅದನ್ನು ನೋಡಲು ಯಾರೂ ಬೇಡ ಎನ್ನಲಾರರು. ಅಜ್ಜಿ ಹೆಬ್ಬೆಟ್ಟು ಒತ್ತಿದ ಹಾಳೆಯನ್ನು ಹುಡುಕಿ, ಅದನ್ನೇ ಹಿಡಿದುಕೊಂಡು ಅವರ ಮನೆಗೆ ಹೋಗಿ. ‘ನೀವು ಹೀಗೆ ಹೇಳಿದ್ದಿರಿ, ಈಗಲೂ ಹಾಗೇ ಇದೆಯೇ?’ ಎಂದು ಕೇಳಿ. ನೀವು ಬರಿಗೈಯಲ್ಲಿ ಹೋಗುತ್ತಿಲ್ಲ, ಅವರ ಮಾತನ್ನೇ ವಾಪಸು ತೆಗೆದುಕೊಂಡು ಹೋಗುತ್ತಿದ್ದೀರಿ. ಮುಖ ತೋರಿಸಲು ಅಷ್ಟು ಸಾಕು.

ಇನ್ನು ಪ್ರಶ್ನೆಗಳ ಮಾತು. ‘ನಿಮ್ಮ ಸಮಸ್ಯೆ ಏನು?’ ಎಂದು ಎಂದೂ ಕೇಳಬೇಡಿ. ಹಾಗೆ ಕೇಳಿದರೆ ರಸ್ತೆ, ಚರಂಡಿ ಎಂದು ಉತ್ತರ ಬರುತ್ತದೆ, ಏಕೆಂದರೆ ಪಂಚಾಯಿತಿ ಕೊಡುವುದು ಅವೆರಡನ್ನೇ ಎಂದು ಜನ ಕಲಿತಿದ್ದಾರೆ. ನಿನ್ನೆಯ ದಿನದ ಬಗ್ಗೆ ಕೇಳಿ. ನಿನ್ನೆ ನಲ್ಲಿಯಲ್ಲಿ ನೀರು ಬಂತೇ, ಎಷ್ಟು ಹೊತ್ತಿಗೆ ಬಂತು, ಎಷ್ಟು ಕೊಡ ತುಂಬಿತು, ತುಂಬಿದವರು ಯಾರು? ನಾನಿದ್ದ ಒಂದು ಊರಿನಲ್ಲಿ ನಮೂನೆಯ ಪ್ರಕಾರ ನೀರು ಸರಬರಾಜು ‘ತೃಪ್ತಿಕರ’. ನಾವೇ ಗುರುತು ಹಾಕಿದ್ದೆವು. ಒಂದು ಮನೆಯಲ್ಲಿ ಸುಮ್ಮನೆ ನಿನ್ನೆಯ ಸಂಗತಿ ಕೇಳಿದಾಗ ತಿಳಿಯಿತು: ಆ ಓಣಿಗೆ ನೀರು ಬರುತ್ತಿದ್ದುದು ನಡುರಾತ್ರಿ ಎರಡು ಗಂಟೆಗೆ. ತ್ರೀ ಫೇಸ್ ಕರೆಂಟು ಬಂದಾಗ ಮೋಟರು ಓಡುತ್ತಿತ್ತು, ಕೊನೆಯ ಓಣಿಯ ಸರದಿ ಆ ಹೊತ್ತಿಗೆ ಬರುತ್ತಿತ್ತು. ಒಂಬತ್ತನೇ ತರಗತಿಯ ಹುಡುಗಿ ನಿದ್ದೆಗೆಟ್ಟು ಕೊಡ ತುಂಬಿ, ಶಾಲೆಯಲ್ಲಿ ತೂಕಡಿಸಿ ಬೈಸಿಕೊಳ್ಳುತ್ತಿದ್ದಳು. ನೀರು ಸಾಕಷ್ಟಿತ್ತು, ಹೊತ್ತು ಸರಿಯಿರಲಿಲ್ಲ. ನೀರುಗಂಟಿಯ ಜೊತೆ ಕುಳಿತು ವಾಲ್ವ್ ತಿರುಗಿಸುವ ಸರದಿ ಬದಲಾಯಿಸಿದೆವು. ಒಂದು ರೂಪಾಯಿ ಖರ್ಚಾಗಲಿಲ್ಲ. ಆ ಹುಡುಗಿಯ ಮನೆಯ ಮುಂದೆ ನಾನು ಎಷ್ಟು ವರ್ಷ ಓಡಾಡಿದ್ದೆ ಎಂದು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಕರವಸೂಲಿಗಾರರನ್ನಾಗಲಿ ನೀರುಗಂಟಿಯನ್ನಾಗಲಿ ಜೊತೆಗೆ ಕರೆದೊಯ್ಯಬೇಡಿ. ಕಂದಾಯ ಬಾಕಿ ಇರುವ ಮನೆಯವರು ಬಾಗಿಲ ಹಿಂದೆ ನಿಲ್ಲುತ್ತಾರೆ. ನೀರುಗಂಟಿಯ ಎದುರಿನಲ್ಲಿ ನೀರಿನ ದೂರು ಹೇಳಿ ನಾಳೆ ನೀರಿಲ್ಲದೆ ಕೂರಲು ಯಾರೂ ಒಪ್ಪುವುದಿಲ್ಲ. ಯಜಮಾನರನ್ನೂ ಮನೆಯಲ್ಲೇ ಬಿಟ್ಟು ಹೋಗಿ, ತಪ್ಪು ತಿಳಿಯಬೇಡಿ. ಅವರು ಬಂದರೆ ಆ ಮನೆಯ ಗಂಡಸರು ಅವರೊಂದಿಗೆ ಜಗುಲಿಯಲ್ಲಿ ಮಾತಿಗೆ ಕೂರುತ್ತಾರೆ, ಉತ್ತರ ಗೊತ್ತಿರುವ ಹೆಂಗಸರು ಒಳಗೇ ಉಳಿಯುತ್ತಾರೆ. ಕಾಲೋನಿಗೆ ಹೋದಾಗ ಬೀದಿಯಲ್ಲಿ ನಿಂತು ಕೇಳಬೇಡಿ. ಒಳಗೆ ಹೋಗಿ ಕುಳಿತುಕೊಳ್ಳಿ, ನೀರು ಕೊಟ್ಟರೆ ಕುಡಿಯಿರಿ.

ಇನ್ನೊಂದು ವಿಷಯ. ಪಂಚಾಯಿತಿಯ ಕೈಯಲ್ಲಿ ಎಷ್ಟು ಹಣವಿದೆ, ಯಾವುದಕ್ಕೆ ಬಳಸಬಹುದು ಎಂಬುದನ್ನು ಕೇಳುವ ಮುಂಚೆಯೇ ಹೇಳಿಬಿಡಿ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ನೋಡಿ: ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ 40ರಲ್ಲಿ ಮಾತ್ರ ಊರಿನ ಇತರ ಅಗತ್ಯಗಳನ್ನು ನೋಡಿಕೊಳ್ಳಬೇಕಿತ್ತು. ಇದು ಗೊತ್ತಿಲ್ಲದ ಜನ ಸಮುದಾಯ ಭವನ ಕೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ, ಅದು ಬರುವುದಿಲ್ಲ, ನಂಬಿಕೆ ಹೋಗುತ್ತದೆ. ಇದನ್ನು ಬಿಡಿಸಿ ಹೇಳಿದರೆ ಜನ ಬಹಳ ಚೆನ್ನಾಗಿ ಅಳೆದು ಕೇಳುತ್ತಾರೆ.

ಸಭೆಯ ವಿಚಾರಕ್ಕೆ ಬಂದರೆ, 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅದು ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ. ಬಂದವರಲ್ಲಿ ಶೇ 30ರಷ್ಟಾದರೂ ಮಹಿಳೆಯರಿರಬೇಕು. ನಿಮ್ಮ ಸಭೆಯಲ್ಲಿ 26 ಸಹಿ ಇತ್ತು ಎಂದಿರಿ, ಕಾಗದದ ಮಟ್ಟಿಗೆ ಅದು ಸರಿಯಾದ ಸಭೆಯೇ. ಆದ್ದರಿಂದ ಕೋರಂ ಹಿಡಿದು ಜಗಳ ಮಾಡಿದರೆ ಪ್ರಯೋಜನವಿಲ್ಲ. ನೀವು ಮನೆಮನೆಯಿಂದ ತಂದ ಒಂದೊಂದು ಬೇಡಿಕೆಯನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ನಡಾವಳಿ ಪುಸ್ತಕದಲ್ಲಿ ಕ್ರಮಸಂಖ್ಯೆ ಹಾಕಿಸಿ ಬರೆಸಿ, ಪುಸ್ತಕ ಮುಚ್ಚುವ ಮುಂಚೆ ಆ ಪುಟದ ಫೋಟೊ ತೆಗೆದುಕೊಳ್ಳಿ. ‘ಇತರೆ ವಿಷಯಗಳನ್ನು ಚರ್ಚಿಸಲಾಯಿತು’ ಎಂಬ ಸಾಲಿಗೆ ಒಪ್ಪಬೇಡಿ. ಎಷ್ಟೋ ಬೇಡಿಕೆಗಳು ಆ ಸಾಲಿನೊಳಗೆ ಮಾಯವಾದದ್ದನ್ನು ನೋಡಿದ್ದೇನೆ.

ಕಾಯ್ದೆಯಲ್ಲಿ ಜನವಸತಿ ಸಭೆ ಎಂಬುದೂ ಇದೆ. ಹಟ್ಟಿಯ ಜನ ಎರಡು ಕಿಲೋಮೀಟರ್ ನಡೆದು ಬರಬೇಕಾಗಿಲ್ಲ, ಹಟ್ಟಿಯಲ್ಲೇ ಸಭೆ ಕರೆಯಿರಿ ಎಂದು ನಿಮ್ಮ ಪಿಡಿಒ ಅವರಿಗೆ ಲಿಖಿತವಾಗಿ ಕೊಡಿ.

ತೀರ್ಥಹಳ್ಳಿ ಕಡೆಯ ಆಶಾ ಕಾರ್ಯಕರ್ತೆ

ಅಕ್ಕ, ನಾನು ಚಿಕ್ಕದಾಗಿ ಹೇಳುತ್ತೇನೆ. ಜನ ಪ್ರಶ್ನೆಗಳಿಂದ ದಣಿದಿದ್ದಾರೆ. ನಾವು ಆಶಾಗಳು ಹೋಗುತ್ತೇವೆ, ಅಂಗನವಾಡಿಯವರು ಹೋಗುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರು 60 ಪ್ರಶ್ನೆ ಹಿಡಿದು ಹೋದರು. ಆ ಸಮೀಕ್ಷೆಗೆಂದು ಬಾಗಿಲಿಗೆ ಅಂಟಿಸಿದ ಚೀಟಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ನೀವು ಹೋದರೆ ಅದರ ಮುಂದುವರಿದ ಭಾಗ ಎಂದೇ ತಿಳಿಯುತ್ತಾರೆ.

ಆಧಾರ್ ಕೇಳಬೇಡಿ. ಜಾತಿ, ಆದಾಯ, ರೇಷನ್ ಕಾರ್ಡಿನ ಬಣ್ಣ ಯಾವುದನ್ನೂ ಕೇಳಬೇಡಿ. ಆಧಾರ್ ಸಂಖ್ಯೆ ಬರೆದುಕೊಂಡ ಕ್ಷಣ ಇದು ಯಾವುದೋ ಹಣ ಬರುವ ಯೋಜನೆ ಎಂಬ ಆಸೆ ಹುಟ್ಟುತ್ತದೆ, ಇಲ್ಲವೇ ಇರುವ ಸವಲತ್ತು ಹೋಗುತ್ತದೆ ಎಂಬ ಭಯ ಹುಟ್ಟುತ್ತದೆ. ಎರಡೂ ಸಂದರ್ಭದಲ್ಲಿ ನಿಜ ಹೊರಗೆ ಬರುವುದಿಲ್ಲ. ನಾನು ಬಾಣಂತಿಯರ ಮನೆಗೆ ಹೋದಾಗ ಪುಸ್ತಕವನ್ನು ಚೀಲದಲ್ಲೇ ಇಟ್ಟಿರುತ್ತೇನೆ. ಮಗುವನ್ನು ಎತ್ತಿಕೊಂಡು ಮಾತನಾಡಿ, ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತು ಬರೆದುಕೊಳ್ಳುತ್ತೇನೆ. ಆರು ಪ್ರಶ್ನೆಗಳಾದರೆ ನೆನಪಿನಲ್ಲಿ ಉಳಿಯುತ್ತವೆ. 38 ಉಳಿಯುವುದಿಲ್ಲ.

ಮಂಜೇಶ್ವರದವಳು

ನಾನು ಕಾಸರಗೋಡು ಜಿಲ್ಲೆಯವಳು. ಇಲ್ಲಿ ನಮ್ಮ ಪಂಚಾಯತ್ ಕೇರಳದ್ದು, ಮನೆಮಾತು ಕನ್ನಡ, ನೆರೆಕರೆಯಲ್ಲಿ ತುಳು. ನಿಮ್ಮ ಪ್ರಶ್ನೆಗೆ ಇಲ್ಲಿನ ಅನುಭವ ಒದಗಬಹುದು ಎನಿಸಿ ಬರೆಯುತ್ತಿದ್ದೇನೆ.

ಕೇರಳದಲ್ಲಿ 1996ರಲ್ಲಿ ಜನಕೀಯ ಆಸೂತ್ರಣ ಎಂಬ ಆಂದೋಲನ ಶುರುವಾಯಿತು. ರಾಜ್ಯದ ಯೋಜನಾ ಹಣದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟು, ಏನು ಬೇಕೆಂದು ಜನರೇ ಹೇಳಲಿ ಎಂದರು. ನನ್ನ ಅಮ್ಮ ಆಗಿನ ಗ್ರಾಮಸಭೆಗಳನ್ನು ಇಂದಿಗೂ ನೆನೆಸಿಕೊಳ್ಳುತ್ತಾರೆ. ಅವರಿಗೆ ನೆನಪಿರುವುದು ವೇದಿಕೆಯ ಭಾಷಣವಲ್ಲ. ಭಾಷಣ ಮುಗಿದ ಮೇಲೆ ಜನರನ್ನು ವಿಷಯವಾರು ಗುಂಪುಗಳಾಗಿ ಒಡೆಯುತ್ತಿದ್ದರು. ಕೃಷಿಯವರು ಒಂದು ಕೋಣೆಗೆ, ನೀರಿನ ವಿಷಯದವರು ಇನ್ನೊಂದಕ್ಕೆ, ಹೆಂಗಸರು ತಮ್ಮದೇ ಒಂದು ಗುಂಪಿಗೆ. ಇನ್ನೂರು ಜನರೆದುರು ಬಾಯಿ ಬಿಡದ ಅಮ್ಮ ಹದಿನೈದು ಹೆಂಗಸರ ನಡುವೆ ಬಾವಿಯ ಕೆಸರಿನ ಬಗ್ಗೆ ಅರ್ಧ ಗಂಟೆ ಮಾತನಾಡಿದ್ದರಂತೆ. ನಿಮ್ಮ ಶಾಲೆಯ ಜಗುಲಿಯಲ್ಲಿ ಗೋಡೆಯ ಬದಿಗೆ ಕುಳಿತ ಹೆಂಗಸರನ್ನು ಅರ್ಧ ಗಂಟೆ ಒಂದು ತರಗತಿಯೊಳಗೆ ಕರೆದುಕೊಂಡು ಹೋಗಿ ನೋಡಿ. ಅವರು ಹೇಳಿದ್ದನ್ನು ಅವರಲ್ಲೇ ಒಬ್ಬರು ಹೊರಗೆ ಬಂದು ಓದಲಿ.

1998ರಲ್ಲಿ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಯೋಜನೆ ಬಂದ ಮೇಲೆ ಹತ್ತಿಪ್ಪತ್ತು ಹೆಂಗಸರ ನೆರೆಕೂಟಗಳು ವಾರ ವಾರ ಸೇರತೊಡಗಿದವು. ಉಳಿತಾಯದ ಲೆಕ್ಕ ಮುಗಿದ ಮೇಲೆ ಊರಿನ ಮಾತು ಬರುತ್ತದೆ, ಗ್ರಾಮಸಭೆಗೆ ಏನು ಹೇಳಬೇಕು ಎಂಬುದು ಅಲ್ಲೇ ಗಟ್ಟಿಯಾಗುತ್ತದೆ. ನಿಮ್ಮಲ್ಲೂ ಸ್ತ್ರೀಶಕ್ತಿ ಸಂಘಗಳಿವೆಯಲ್ಲ, ಅವರು ಸೇರುವ ದಿನ ನೀವು ಅಲ್ಲಿಗೆ ಹೋಗಿ.

ಕೊನೆಗೆ ಒಂದು ನೋವು. ನಮ್ಮ ಮನೆಗೆ ಬಂದ ಒಂದು ಸಮೀಕ್ಷೆಯ ನಮೂನೆ ಪೂರ್ತಿ ಮಲಯಾಳದಲ್ಲಿತ್ತು. ಕನ್ನಡ ಮಾತ್ರ ಓದಬಲ್ಲ ಅಜ್ಜನಿಗೆ ಬಂದ ಹುಡುಗ ಬಾಯಲ್ಲೇ ಅರ್ಥ ಹೇಳಿ, ಉತ್ತರವನ್ನು ತನ್ನ ಮಾತಿನಲ್ಲಿ ಬರೆದುಕೊಂಡ. ಅಜ್ಜ ಸಹಿ ಹಾಕಿದ್ದು ತನಗೆ ಓದಲು ಬಾರದ ತನ್ನದೇ ಮಾತಿನ ಕೆಳಗೆ. ಹುಡುಗ ಒಳ್ಳೆಯವನೇ, ಆದರೆ ಅಜ್ಜ ‘ಗುಡ್ಡದ ನೀರು ಅಂಗಳಕ್ಕೆ ನುಗ್ಗುತ್ತದೆ’ ಎಂದದ್ದು ಅಲ್ಲಿ ‘ಚರಂಡಿ ಬೇಕು’ ಎಂದಾಗಿತ್ತು. ಅಜ್ಜನಿಗೆ ಬೇಕಿದ್ದದ್ದು ಮೇಲೆ ಒಡೆದ ಕಟ್ಟದ (ನೀರು ತಡೆಯುವ ಒಡ್ಡಿನ) ದುರಸ್ತಿ. ನಿಮ್ಮಲ್ಲಿ ಭಾಷೆಯ ತೊಡಕು ಇಲ್ಲದಿರಬಹುದು. ಆದರೂ ಅವರು ಆಡಿದ ಮಾತನ್ನು ಅವರು ಆಡಿದಂತೆಯೇ ಬರೆದುಕೊಳ್ಳಿ, ಕಚೇರಿಯ ಮಾತಿಗೆ ತಿರುಗಿಸಬೇಡಿ.

ಲೆಕ್ಕದ ಮೇಷ್ಟ್ರು, ಬೆಂಗಳೂರು

ಮೇಲಿನವರ ಮಾತುಗಳನ್ನೆಲ್ಲ ಒಪ್ಪುತ್ತೇನೆ, ಆದರೆ ಎಣಿಕೆಯನ್ನು ಬಿಡಬೇಡಿ ಅಮ್ಮ. ಒಂದು ಮನೆಯ ಕಥೆ ಹೇಳಿದರೆ ‘ಅದು ಅವರೊಬ್ಬರ ತೊಂದರೆ’ ಎಂದು ತಳ್ಳಿಹಾಕುವುದು ಸುಲಭ. ಹಟ್ಟಿಯ ಇಷ್ಟು ಮನೆಗಳಲ್ಲಿ ಇಷ್ಟು ಮನೆಗೆ ನಿನ್ನೆ ನೀರು ಬಂದಿಲ್ಲ ಎಂದರೆ ಹಾಗೆ ತಳ್ಳಲಾಗುವುದಿಲ್ಲ.

ಬೆಂಗಳೂರಿನಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಇದೆ. ಸ್ಯಾಮ್ಯುಯೆಲ್ ಪಾಲ್ ಅವರು ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಲ್ಲಿ ನಗರದ ನೀರು, ವಿದ್ಯುತ್, ಪಾಲಿಕೆ ಮುಂತಾದ ಸೇವೆಗಳಿಗೆ ನಾಗರಿಕರ ವರದಿ ಪಟ್ಟಿ ಹೊರತಂದಿತು, ಶಾಲೆಯ ಮಕ್ಕಳಿಗೆ ಅಂಕಪಟ್ಟಿ ಕೊಡುವಂತೆ. ಅವರೂ ಬರಿಯ ಅಭಿಪ್ರಾಯಕ್ಕೆ ನಿಲ್ಲಲಿಲ್ಲ. ಆ ಕಚೇರಿಗೆ ಹೋಗಿದ್ದಿರಾ, ಕೆಲಸ ಆಯಿತೇ, ಎಷ್ಟು ಸಲ ಅಲೆದಿರಿ, ಲಂಚ ಕೊಡಬೇಕಾಯಿತೇ ಎಂದು ನಡೆದದ್ದನ್ನು ಕೇಳಿದರು. ಬಡಾವಣೆಗಳವರನ್ನೂ ಕೊಳೆಗೇರಿಯವರನ್ನೂ ಬೇರೆ ಬೇರೆ ಎಣಿಸಿದರು. ಅಂಕ ಬಹಳ ಕಡಿಮೆ ಬಂತು, ಅದನ್ನು ಪತ್ರಿಕೆಗಳ ಮೂಲಕ ಊರಿಗೆಲ್ಲ ತಿಳಿಸಿದರು. ಅದಕ್ಕಿಂತ ದೊಡ್ಡದು, ಅಲ್ಲಿಗೆ ಬಿಡಲಿಲ್ಲ. 1999ರಲ್ಲಿ ಮತ್ತೆ ಕೇಳಿದರು, 2003ರಲ್ಲಿ ಮೂರನೇ ಸಲ ಕೇಳಿದರು. ಮೂರನೇ ಸಲದ ಹೊತ್ತಿಗೆ ಹೆಚ್ಚಿನ ಸಂಸ್ಥೆಗಳ ಅಂಕ ಏರಿತ್ತು. ನೀವೂ ಈಗ ಕೇಳುವ ಆರು ಪ್ರಶ್ನೆಗಳನ್ನು ಒಂದಕ್ಷರವೂ ಬದಲಿಸದೆ ಆರು ತಿಂಗಳ ನಂತರ ಕೇಳಿ.

ಬೀಗ ಹಾಕಿದ ಮನೆಗಳನ್ನು ಬಿಟ್ಟು ಮುಂದೆ ಹೋಗಬೇಡಿ. ಹಗಲು ಬೀಗ ಹಾಕಿರುವವರು ಕೂಲಿಗೆ ಹೋದವರು. ಅವರನ್ನು ಬಿಟ್ಟರೆ ನಿಮ್ಮ ಎಣಿಕೆಯೂ ಹನ್ನೊಂದು ಗಂಟೆಯ ಸಭೆಯಂತೆಯೇ ಆಗುತ್ತದೆ. ಆ ಮನೆಗಳಿಗೆ ಗುರುತು ಹಾಕಿಕೊಂಡು ಸಂಜೆ ಏಳರ ಮೇಲೆ ಹೋಗಿ.

ಕಡೂರಿನ ಸದಸ್ಯೆ

ಐದು ವಾರದ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ.

ಹಿರಿಯರು ಹೇಳಿದಂತೆ ಮೊದಲು ಕಟ್ಟನ್ನು ಇಳಿಸಿದೆ. ನಮ್ಮ ಸ್ತ್ರೀಶಕ್ತಿ ಸಂಘದ ಗೆಳತಿ ಮತ್ತು ನಾನು ಕಚೇರಿಯಲ್ಲೇ ಎರಡು ಸಂಜೆ ಕುಳಿತು ಹಟ್ಟಿಯ 41 ನಮೂನೆಗಳನ್ನೂ ಓದಿದೆವು. ಗುರುತು ಹಾಕುವ ಪ್ರಶ್ನೆಗಳಲ್ಲಿ ಏನೂ ಸಿಗಲಿಲ್ಲ. ಕೊನೆಯಲ್ಲಿ ‘ಇತರೆ’ ಎಂಬ ಒಂದು ಗೆರೆ ಇತ್ತು. ಬಂದಿದ್ದ ಹುಡುಗರಲ್ಲಿ ಒಬ್ಬ ಮಾತ್ರ ಅಲ್ಲಿ ಜನರ ಮಾತನ್ನು ಬರೆದಿದ್ದ, ಸಣ್ಣ ದುಂಡು ಅಕ್ಷರದಲ್ಲಿ. ಆ ಹುಡುಗ ಯಾರೋ ಗೊತ್ತಿಲ್ಲ, ಅವನಿಗೆ ಒಳ್ಳೆಯದಾಗಲಿ. ಹನ್ನೊಂದು ನಮೂನೆಗಳಲ್ಲಿ ಒಂದೇ ಮಾತು: ಹಟ್ಟಿಗೆ ತಿರುಗುವ ಜಾಗದಲ್ಲಿ ಕತ್ತಲು, ಸಂಜೆ ಬಸ್ಸಿನಿಂದ ಇಳಿದ ಹೆಣ್ಣುಮಕ್ಕಳು ಯಾರಾದರೂ ಜೊತೆಗೆ ಬರುವವರೆಗೂ ರಸ್ತೆಯಲ್ಲೇ ಕಾಯುತ್ತಾರೆ. ಹೋಗಿ ನೋಡಿದರೆ ಅಲ್ಲಿ ಕಂಬವಿದೆ, ದೀಪವಿಲ್ಲ. ಎರಡು ವರ್ಷ! ಅರ್ಜಿ ಬರೆದು ಕೊಟ್ಟು, ದಿನಾ ಹಾಲು ಹಾಕಿ ಬಂದವಳೇ ಕಚೇರಿಗೆ ಹೋಗಿ ಕೇಳಿದೆ. ಒಂಬತ್ತನೇ ದಿನ ದೀಪ ಹತ್ತಿತು. ಆ ದಿನ ಏಳೂವರೆಯ ಬಸ್ಸಿಗೆ ನಾನೂ ಹೋಗಿ ನಿಂತಿದ್ದೆ. ಇಳಿದ ಇಬ್ಬರು ಹುಡುಗಿಯರು ಒಮ್ಮೆ ಮೇಲೆ ನೋಡಿ, ಕಾಯದೆ ನಡೆದು ಹೋದರು.

ಆಮೇಲೆ ಆರು ಪ್ರಶ್ನೆಗಳೊಂದಿಗೆ ಹಟ್ಟಿಗೆ ಹೋದೆ, ಸಂಜೆಯ ಹೊತ್ತು, ಕೈಯಲ್ಲಿ ಪುಸ್ತಕವಿಲ್ಲದೆ. 41 ಮನೆಗಳಲ್ಲಿ 39 ಮನೆಯವರು ಮಾತನಾಡಿದರು. ಇಬ್ಬರು ಬೇಡ ಎಂದರು, ಒತ್ತಾಯ ಮಾಡಲಿಲ್ಲ. ಹಿಂದಿನ ದಿನ 17 ಮನೆಗಳಿಗೆ ನೀರು ಬಂದಿರಲಿಲ್ಲ. ಮೇಷ್ಟ್ರೇ, ಅದನ್ನು ಆರು ತಿಂಗಳ ನಂತರ ಇದೇ ಮಾತಿನಲ್ಲಿ ಮತ್ತೆ ಕೇಳುತ್ತೇನೆ.

ಅಜ್ಜಿಯ ಮನೆಗೆ ಹಳೆಯ ಹಾಳೆಯನ್ನು ತೆಗೆದುಕೊಂಡು ಹೋಗಿ, ಹೆಬ್ಬೆಟ್ಟಿನ ಮೇಲಿದ್ದ ಸಾಲನ್ನು ಓದಿದೆ. ‘ನಲ್ಲಿಯ ಕಟ್ಟೆ ತೀರಾ ತಗ್ಗು, ತುಂಬಿದ ಕೊಡ ನೆಲದಿಂದ ಸೊಂಟಕ್ಕೆ ಎತ್ತಲು ಆಗುವುದಿಲ್ಲ.’ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ಇನ್ನೂ ಅದರಲ್ಲಿ ಇದೆಯಾ?" ಎಂದು ಕೇಳಿ ಹಾಳೆಯನ್ನು ಕೈಗೆ ತೆಗೆದುಕೊಂಡು ತಮ್ಮ ಹೆಬ್ಬೆಟ್ಟಿನ ಗುರುತನ್ನು ಮುಟ್ಟಿ ನೋಡಿದರು. ಆಮೇಲೆ ಪಕ್ಕದ ಮನೆಯ ಮೂವರು ಹೆಂಗಸರನ್ನು ಕೂಗಿ ಕರೆದರು.

ಜನವಸತಿ ಸಭೆಗೆ ಪತ್ರ ಕೊಟ್ಟಿದ್ದೇನೆ. ಮುಂದಿನ ಸೋಮವಾರ ಸಂಜೆ ಏಳಕ್ಕೆ ಹಟ್ಟಿಯ ಗುಡಿಯ ಮುಂದೆ ಎಂದು ಗೊತ್ತಾಗಿದೆ. ಮೊದಲ ಅರ್ಧ ಗಂಟೆ ಹೆಂಗಸರು ಅಂಗನವಾಡಿಯೊಳಗೆ ಬೇರೆಯಾಗಿ ಕೂರುತ್ತಾರೆ. ನಲ್ಲಿಯ ಕಟ್ಟೆಯನ್ನು ನಿನ್ನೆ ಅಳೆದೆ, ಒಂಬತ್ತು ಇಂಚು ಎತ್ತರ ಇದೆ. ಎಷ್ಟು ಎತ್ತರಿಸಬೇಕು ಎಂದು ಎಂಜಿನಿಯರ್ ಕೇಳಿದ್ದಾರೆ. ನಾಳೆ ಟೇಪು ತೆಗೆದುಕೊಂಡು ಹೋಗಿ, ಅಜ್ಜಿಯನ್ನು ನಲ್ಲಿಯ ಬಳಿ ನಿಲ್ಲಿಸಿ ಅಳೆದು ಬರುತ್ತೇನೆ.